ನೋಂದಣಿ ಅಲ್ಲ, ತಾಳೆ

'ರೋಗಿಯ ನೋಂದಣಿ ಮುಗಿದ ಕೂಡಲೇ ಸ್ಕ್ರೂ ಕೂರಿಸಲಾಗುತ್ತದೆ.' ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ನಿನ ಕಣ್ಣೆದುರಿನ ಗಾಜಿನಲ್ಲೇ ಮೂಳೆಯ ಸ್ಕ್ಯಾನ್ ಚಿತ್ರ ತೋರಿಸಿ ದಾರಿ ಹೇಳುವ ಆಗ್ಮೆಂಟೆಡ್ ರಿಯಾಲಿಟಿ ನ್ಯಾವಿಗೇಷನ್ ಬಗೆಗಿನ ಬರಹವೊಂದರಲ್ಲಿ ಈ ಸಾಲು ಮತ್ತೆ ಸಿಕ್ಕಿತು. ಹೆಸರು, ವಯಸ್ಸು ಬರೆಸಿ ಚೀಟಿ ಪಡೆಯುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇಲ್ಲಿ ರಿಜಿಸ್ಟ್ರೇಷನ್ ಎಂದರೆ ಸಿ.ಟಿ. ಸ್ಕ್ಯಾನಿನಲ್ಲಿರುವ ಮೂಳೆಯನ್ನೂ ಮೇಜಿನ ಮೇಲಿರುವ ಮೂಳೆಯನ್ನೂ ಬಿಂದುವಿಗೆ ಬಿಂದು ಹೊಂದಿಸುವುದು. ಮುದ್ರಣದವರಿಗೆ ಈ ಅರ್ಥ ಹೊಸದಲ್ಲ: ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರದೆ ಚಿತ್ರದ ಅಂಚು ಎರಡೆರಡಾಗಿ ಕಂಡರೆ 'ರಿಜಿಸ್ಟ್ರೇಷನ್ ಔಟ್' ಎನ್ನುತ್ತಾರೆ. ಲೆಕ್ಕ ಹೊಂದಿಸಲು ನಾವು ದಿನವೂ ಬಳಸುವ 'ತಾಳೆ' ಎಂಬ ಪದ ಕೈಯಲ್ಲೇ ಇರುವಾಗ ನಿಘಂಟಿನಿಂದ ನೋಂದಣಿಯನ್ನು ಎತ್ತಿ ತರುವುದೇಕೋ!

ನ್ಯಾವಿಗೇಷನ್ನಿಗೂ ಇದೇ ಗತಿ. ಲ್ಯಾಟಿನ್ನಿನಲ್ಲಿ 'ನಾವಿಸ್' ಎಂದರೆ ಹಡಗು. ನಮ್ಮ ನಾವೆ, ನೌಕೆ, ನಾವಿಕ ಎಲ್ಲಕ್ಕೂ ಮೂಲವಾದ ಸಂಸ್ಕೃತದ 'ನೌ' ಅದರ ಹತ್ತಿರದ ನೆಂಟ. ಆದರೆ ಹಡಗಿನ ನ್ಯಾವಿಗೇಟರ್ ಹುಟ್ಟು ಹಾಕುವವನಲ್ಲ. ಹಡಗು ಈಗ ಎಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ ಎಂದು ಹೇಳುವವನು. ಇಲ್ಲೂ ಅಷ್ಟೇ: ಉಪಕರಣದ ತುದಿ ಮೂಳೆಯ ಯಾವ ಜಾಗದಲ್ಲಿದೆ ಎಂದು ವ್ಯವಸ್ಥೆ ತೋರಿಸುತ್ತದೆ, ಸ್ಕ್ರೂ ತಿರುಗಿಸುವುದು ಸರ್ಜನ್ನಿನ ಕೈ. 'ನ್ಯಾವಿಗೇಷನ್ ಶಸ್ತ್ರಚಿಕಿತ್ಸೆ ಮಾಡಿತು' ಎಂದು ಬರೆಯುವವರು ರೋಬೋಟನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅದು ಬೇರೆಯೇ ಕಥೆ.

ಇನ್ನು ಆಗ್ಮೆಂಟೆಡ್ ರಿಯಾಲಿಟಿ. ಬೋಯಿಂಗ್‌ನ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ 1992ರ ಪ್ರಬಂಧದಲ್ಲಿ ಈ ಹೆಸರು ಬಳಸಿದಾಗ ಅವರ ಕಣ್ಣೆದುರು ಇದ್ದದ್ದು ವಿಮಾನ ಕಟ್ಟುವ ಕೆಲಸಗಾರರು: ಎದುರಿನ ಹಲಗೆಯ ಮೇಲೆಯೇ ಯಾವ ತಂತಿ ಎಲ್ಲಿಗೆ ಎಂಬ ಗೆರೆ ಕಾಣಬೇಕು. ಕನ್ನಡದ 'ವರ್ಧಿತ ವಾಸ್ತವ' ತಪ್ಪಲ್ಲ, ಆದರೆ ವರ್ಧಿತ ಎಂದೊಡನೆ ಭೂತಗನ್ನಡಿ ನೆನಪಾಗುತ್ತದೆ. ಇಲ್ಲಿ ಯಾವುದೂ ದೊಡ್ಡದಾಗುವುದಿಲ್ಲ. ಕಾಣುತ್ತಿರುವುದರ ಮೇಲೆ ಇನ್ನೊಂದು ಪದರ ಕೂರುತ್ತದೆ, ಅಷ್ಟೆ. ಮಾಮೂಲಿ ನ್ಯಾವಿಗೇಷನ್ನಿನಲ್ಲಿ ಆ ಚಿತ್ರ ಪಕ್ಕದ ಪರದೆಯಲ್ಲಿರುತ್ತದೆ, ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಆಗ್ಮೆಂಟೆಡ್ ರಿಯಾಲಿಟಿಯಲ್ಲಿ ಚಿತ್ರ ಕಣ್ಣೆದುರಿನ ಗಾಜಿಗೇ ಬರುತ್ತದೆ. 'ಚರ್ಮದೊಳಗಿನ ಮೂಳೆಯೇ ಕಾಣುತ್ತದೆ' ಎಂಬ ಮಾತು ಮಾತ್ರ ಶುದ್ಧ ಸುಳ್ಳು. ಕಾಣುವುದು ಮೊದಲೇ ತೆಗೆದ ಸ್ಕ್ಯಾನಿನ ಚಿತ್ರ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಅನುಮತಿ ಪಡೆದ ಇಂಥ ಸಾಧನವೊಂದರ ಹೆಸರೇ 'ಎಕ್ಸ್‌ವಿಷನ್', ಕೇಳಿದೊಡನೆ ಎಕ್ಸ್-ರೇ ಕಣ್ಣು ನೆನಪಾಗುವಂಥದ್ದು. ಅಂಥ ಹೆಸರಿಟ್ಟ ಮೇಲೆ ಓದುಗರನ್ನು ಬೈದು ಫಲವಿಲ್ಲ.

ಚಿತ್ರ ಮೊದಲಿನದು ಎಂಬ ಕಾರಣಕ್ಕೇ ತಾಳೆ ಮುಖ್ಯ. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿ.ಟಿ. ತೆಗೆಯುವಾಗ ರೋಗಿ ಅಂಗಾತ ಮಲಗಿದ್ದರು, ಈಗ ಬೋರಲು. ಒಂದು ಕಶೇರುವಿಗೂ (ಬೆನ್ನುಮೂಳೆಯ ಒಂದು ಮಣಿ) ಇನ್ನೊಂದಕ್ಕೂ ನಡುವಿನ ಬಾಗು ಅಷ್ಟರಲ್ಲೇ ಬದಲಾಗಿರುತ್ತದೆ. ಅದಕ್ಕೇ ಎಷ್ಟೋ ಕಡೆ ಮೇಜಿನ ಮೇಲೆಯೇ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ಸ್ಕ್ರೂ ಹಾಯಬೇಕಾದ ಪೆಡಿಕಲ್, ಅಂದರೆ ಕಶೇರುವಿನ ಹಿಂಬದಿಯನ್ನು ಮುಂಬದಿಗೆ ಸೇರಿಸುವ ಮೂಳೆಯ ಕಿರುಗಂಬ, ಎದೆಯ ಮಟ್ಟದ ನಡುವೆ ಹಲವರಲ್ಲಿ 4–5 ಮಿ.ಮೀ. ಅಗಲವಷ್ಟೇ, ಅದರ ಒಳಮಗ್ಗುಲಲ್ಲೇ ಬೆನ್ನುಹುರಿ. (ಬೆನ್ನುಮೂಳೆ ಬೇರೆ, ಅದರೊಳಗೆ ಹಾಯುವ ನರಗಳ ಬೆನ್ನುಹುರಿ ಬೇರೆ. ಅದನ್ನೂ ಹೇಳಬೇಕಾಗಿ ಬಂದಿದೆ.) ಸ್ಕ್ರೂ ಎಷ್ಟು ಹೊರಬಿದ್ದಿದೆ ಎಂದು ಅಳೆಯುವ ಗರ್ಟ್ಸ್‌ಬೈನ್–ರಾಬಿನ್ಸ್ ಶ್ರೇಣಿಯ ಒಂದೊಂದು ಮೆಟ್ಟಿಲೂ 2 ಮಿ.ಮೀ.

ಬೆನ್ನುಮೂಳೆಯ ಹಿಂಬದಿಯ ಮುಳ್ಳಿಗೋ ಸೊಂಟದ ಮೂಳೆಗೋ ಕಚ್ಚಿಸಿದ ಗುರುತಿನ ಚೌಕಟ್ಟನ್ನು ನೋಡುತ್ತಾ ಉಪಕರಣ ಮೂಳೆಯ ಯಾವ ಜಾಗದಲ್ಲಿದೆ ಎಂದು ಕ್ಯಾಮೆರಾ ಲೆಕ್ಕ ಹಾಕುತ್ತಿರುತ್ತದೆ. ಯಾರದೋ ಮೊಣಕೈ ತಾಗಿ ಚೌಕಟ್ಟು ಕೊಂಚ ವಾಲಿತೆನ್ನಿ. ಗಾಜಿನೊಳಗಿನ ಮೂಳೆ ಮೊದಲಿನಷ್ಟೇ ಅಚ್ಚುಕಟ್ಟಾಗಿ ಹೊಳೆಯುತ್ತದೆ, ಜಾಗ ಮಾತ್ರ ತಪ್ಪಿರುತ್ತದೆ. ಹಾಗಾಗಿ ಸರ್ಜನ್ ನಡುನಡುವೆ, ಕ್ಯಾಮೆರಾ ಗುರುತಿಸುವ ಕಡ್ಡಿಯೊಂದರ ತುದಿಯನ್ನು ಕಣ್ಣಿಗೆ ಕಾಣುವ ಮೂಳೆಯ ಮೇಲೆ ಊರಿ ನೋಡುತ್ತಾರೆ. ಚಿತ್ರದಲ್ಲೂ ತುದಿ ಮೂಳೆಗೆ ತಾಗಿದ್ದರೆ ಸರಿ, ಮೇಲೆ ತೇಲುತ್ತಿದ್ದರೆ ಮತ್ತೆ ಮೊದಲಿನಿಂದ ತಾಳೆ.