ಮುಖ ಬಿಡಿ, ಹಿಂದಿನ ಗಾಲಿ ಎಲ್ಲಿದೆ ನೋಡಿ

ಹೊಸ ಪಿಕಪ್‌ನ ಕಾನ್ಸೆಪ್ಟ್, ಅಂದರೆ ಕಂಪನಿ ಬರೀ ತೋರಿಸಲು ಮಾಡಿದ ಮಾದರಿ ಗಾಡಿ, ಹೊರಬಿತ್ತು ಅಂದ್ರೆ ನನಗೆ ತಲೆನೋವು ಶುರು. ನನ್ನದು ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಗಾಡಿಯ ಹಿಂದೆ ಹೇರು ಹಾಕುವ ಬಾಡಿ ಕಟ್ಟುವ ಶೆಡ್. ಪಿಕಪ್, ಟಾಟಾ ಏಸ್, ಟ್ರ್ಯಾಕ್ಟರ್ ಟ್ರಾಲಿ, ಇವೇ ನಮ್ಮ ಕೆಲಸ. ಎಲ್ಲೋ ಮುಂಬೈಯಲ್ಲೋ ಕೇಪ್‌ಟೌನಿನಲ್ಲೋ ತೆರೆ ಸರಿಸಿದ ಗಾಡಿಗೂ ನಮಗೂ ಏನು ಸಂಬಂಧ ಅಂತ ನಾನು ಕೂತಿರುತ್ತೇನೆ. ಗಿರಾಕಿಗಳು ಹಾಗೆ ಕೂರುವವರಲ್ಲ. ಫೋನ್ ಮುಖಕ್ಕೆ ಹಿಡಿದು, "ಅಣ್ಣಾರ, ನಮ್ಮ ಗಾಡಿಗೂ ಇಂಥದೇ ಮುಖ ಕೂಡಿಸಿ ಕೊಡ್ರಿ" ಅನ್ನುತ್ತಾರೆ. ಇಲ್ಲವೇ, "ಇದು ಬರೋತನ ಬ್ಯಾರೆ ಗಾಡಿ ತಗೊಳ್ಳಂಗಿಲ್ರಿ" ಅಂತ ಶಪಥ ಮಾಡುತ್ತಾರೆ.

ಅಭಿಪ್ರಾಯಗಳಿಗೇನೂ ಬರ ಇಲ್ಲ. ಒಬ್ಬರಿಗೆ ಲೈಟು ತೀರಾ ತೆಳ್ಳಗಾಯಿತು. ಇನ್ನೊಬ್ಬರಿಗೆ ಬಾನೆಟ್ ಎತ್ತರ ಇರುವುದೇ ಚೆಂದ. ಹಳೆಯ ಜೀಪ್ ಓಡಿಸಿದ ಹಿರಿಯರಿಗೆ ಈಗಿನದು ಯಾವುದೂ ಗಾಡಿಯೇ ಅಲ್ಲ. ನಮ್ಮ ವೆಲ್ಡಿಂಗ್ ಹುಡುಗನೊಬ್ಬ ಪ್ರತಿ ಕಾನ್ಸೆಪ್ಟ್ ನೋಡಿದಾಗಲೂ "ಜೇಸಿಬಿ ಹಂಗ ಕಾಣ್ತದ" ಅನ್ನುತ್ತಾನೆ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ತಿಳಿದಿಲ್ಲ. ಇಷ್ಟೆಲ್ಲ ಮಾತು ಗಾಡಿಯ ಮುಂದಿನ ಮೂರು ಅಡಿಯ ಬಗ್ಗೆ. ಪಿಕಪ್ ದುಡಿಯುವುದು ಹಿಂದಿನ ಒಂಬತ್ತು ಅಡಿಯಲ್ಲಿ. ಅದರ ಬಗ್ಗೆ ಮಾತಾಡುವವರು ಯಾರೂ ಸಿಗುವುದಿಲ್ಲ.

ಕಾನ್ಸೆಪ್ಟ್ ಅಂದರೆ ಮಾರಾಟದ ಗಾಡಿ ಅಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಆದರೂ ದಿನಾಂಕ ಜ್ಞಾಪಿಸುತ್ತೇನೆ. ಮಹೀಂದ್ರಾ ತನ್ನ ಗ್ಲೋಬಲ್ ಪಿಕಪ್ ಕಾನ್ಸೆಪ್ಟನ್ನು ಕೇಪ್‌ಟೌನಿನಲ್ಲಿ ತೋರಿಸಿದ್ದು 2023ರ ಆಗಸ್ಟ್ 15ರಂದು. ಸ್ಕಾರ್ಪಿಯೋ ಎನ್ ಚಾಸಿ ಮೇಲೆ ಕಟ್ಟಿದ ಡಬಲ್ ಕ್ಯಾಬಿನ್, ಅಂದರೆ ಎರಡು ಸಾಲು ಸೀಟಿನ ಗಾಡಿ. ಎರಡು ವರ್ಷ ಕಳೆದು 2025ರ ಆಗಸ್ಟ್ 15 ಬಂದಾಗಲೂ ಅದು ಶೋರೂಮ್ ಮುಟ್ಟಿರಲಿಲ್ಲ. ಆ ದಿನ ಮುಂಬೈಯಲ್ಲಿ ಮತ್ತೆ ನಾಲ್ಕು ಹೊಸ ಕಾನ್ಸೆಪ್ಟ್ ಬಂದವು. ಅದರಲ್ಲಿ ವಿಷನ್ ಎಸ್‌ಎಕ್ಸ್‌ಟಿ ಅನ್ನುವುದಕ್ಕೆ ಪಿಕಪ್ ಥರ ತೆರೆದ ಹಿಂಭಾಗ. ಈ ನಾಲ್ಕೂ ಕೂರುವ ಪ್ಲಾಟ್‌ಫಾರ್ಮ್‌ನ, ಅಂದರೆ ಒಂದೇ ತಳಪಾಯದ ಗಾಡಿಗಳು 2027ರಿಂದ ಬರುತ್ತವೆ ಅಂತ ಕಂಪನಿ ಹೇಳಿದೆ. ನಾಲ್ಕರಲ್ಲಿ ಯಾವುದು ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ, ಅದು ಕಂಪನಿಗೆ ಬಿಟ್ಟ ವಿಷಯ.

ಎಸ್‌ಎಕ್ಸ್‌ಟಿ ಬಗ್ಗೆ ನಮ್ಮ ಹುಡುಗರಿಗೆ ಭಾರಿ ಪ್ರೀತಿ. ನನಗೂ ಚೆಂದವೇ ಕಂಡಿತು, ಸುಳ್ಳು ಹೇಳಲ್ಲ. ಆದರೆ ಹಿಂದಿನ ಬಾಡಿಯಲ್ಲಿ ಎರಡು ಸ್ಟೆಪ್ನಿ ನಿಲ್ಲಿಸಿದ್ದಾರೆ, ಗಮನಿಸಿದ್ರಾ? ಆ ಪ್ಲಾಟ್‌ಫಾರ್ಮ್‌ನ ಗಾಡಿಗಳ ಒಟ್ಟು ಉದ್ದವೇ 3.99 ಮೀಟರ್‌ನಿಂದ 4.32 ಮೀಟರ್. ಅದರಲ್ಲಿ ಬಾನೆಟ್ ಕಳೆಯಿರಿ, ಸೀಟು ಕಳೆಯಿರಿ, ಉಳಿದದ್ದರಲ್ಲಿ ಎರಡು ದೊಡ್ಡ ಗಾಲಿ ಇಡಿ. ತೊಗರಿ ಚೀಲ ಎಲ್ಲಿಡ್ತೀರಿ? ತಲೆ ಮೇಲಾ? ಅದು ತಿರುಗಾಟದ ಗಾಡಿ. ಹಾಗಂತ ತಗೊಂಡರೆ ತಪ್ಪೇನೂ ಇಲ್ಲ. ದುಡಿಮೆಯ ಗಾಡಿ ಅಂತ ಕಾದು ಕೂತರೆ ಮಾತ್ರ ಕಷ್ಟ.

ಈಗ ನಾನು ಹೇಳಬೇಕಾದ ಒಂದೇ ಮಾತಿಗೆ ಬರುತ್ತೇನೆ. ಇದನ್ನು ಶೆಡ್‌ಗೆ ಬಂದ ಎಲ್ಲರಿಗೂ ಹೇಳುತ್ತೇನೆ, ಎಲ್ಲರೂ ತಲೆ ಆಡಿಸುತ್ತಾರೆ, ಹೊರಗೆ ಹೋಗಿ ಮತ್ತೆ ಗ್ರಿಲ್ ಬಗ್ಗೆ ಮಾತಾಡುತ್ತಾರೆ. ಯಾವುದೇ ಪಿಕಪ್‌ನ ಫೋಟೋವನ್ನು ಪಕ್ಕದಿಂದ ನೋಡಿ. ಹಿಂದಿನ ಗಾಲಿಯ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಬಾಡಿಯಲ್ಲಿ ಎಷ್ಟು ಭಾಗ ಆ ಗೆರೆಯ ಮುಂದಿದೆ, ಎಷ್ಟು ಹಿಂದಿದೆ? ಅಷ್ಟೇ. ಆ ಗಾಡಿ ದುಡಿಯುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತಿಳಿಯುತ್ತೆ.

ಯಾಕೆ ಅಂದ್ರೆ, ಎತ್ತಿನ ಬಂಡಿ ಹೂಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂಭಾರ ಆದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರ, ಮೇಲೇಳುತ್ತೆ, ನೊಗ ಎತ್ತಿನ ಕುತ್ತಿಗೆ ಬಿಟ್ಟು ಗಂಟಲಿಗೆ ಬರುತ್ತೆ. ಪಿಕಪ್‌ನಲ್ಲಿ ಮೂಕಿಯ ಜಾಗದಲ್ಲಿ ಮುಂದಿನ ಗಾಲಿಗಳಿವೆ. ಲೆಕ್ಕ ಹೀಗೆ. ಮುಂದಿನ ಆಕ್ಸಲ್‌ನಿಂದ (ಎಡ, ಬಲ ಗಾಲಿ ಕೂಡಿಸುವ ಅಚ್ಚು) ಹಿಂದಿನ ಆಕ್ಸಲ್‌ಗೆ 3 ಮೀಟರ್ ಅಂತ ಇಟ್ಟುಕೊಳ್ಳಿ. 1,500 ಕಿಲೋ ಹೇರಿದ್ದೀರಿ, 50 ಕಿಲೋದ 30 ಚೀಲ. ಆ ಹೇರಿನ ನಡುಮಧ್ಯ ಹಿಂದಿನ ಆಕ್ಸಲ್‌ಗಿಂತ 30 ಸೆಂಟಿಮೀಟರ್, ಅಂದರೆ ಒಂದಡಿ ಮುಂದಿದ್ದರೆ, ಹಿಂದಿನ ಗಾಲಿಗಳ ಮೇಲೆ 1,350 ಕಿಲೋ, ಮುಂದಿನವುಗಳ ಮೇಲೆ 150 ಕಿಲೋ ಕೂರುತ್ತೆ. ಗಾಡಿ ರಸ್ತೆ ಹಿಡಿದು ಹೋಗುತ್ತೆ. ಅದೇ 30 ಚೀಲದ ನಡುಮಧ್ಯ ಆಕ್ಸಲ್‌ಗಿಂತ ಒಂದಡಿ ಹಿಂದೆ ಹೋಯಿತು ಅನ್ನಿ. ಈಗ ಹಿಂದಿನ ಆಕ್ಸಲ್ ಹೊರುವುದು 1,650 ಕಿಲೋ. ನೀವು ಹೇರಿದ್ದಕ್ಕಿಂತ ಜಾಸ್ತಿ! ಆ ಮೇಲಿನ 150 ಕಿಲೋ ಎಲ್ಲಿಂದ ಬಂತು? ಮುಂದಿನ ಗಾಲಿಗಳಿಂದ ಕಿತ್ತುಕೊಂಡು ಬಂತು. ಹೇರು ಅದೇ, ಚೀಲ ಅದೇ, ಗಾಡಿ ಅದೇ. ಎರಡಡಿ ಸರಿದದ್ದಕ್ಕೆ ಮುಂದಿನ ಗಾಲಿಗಳಿಗೆ 300 ಕಿಲೋ ವ್ಯತ್ಯಾಸ.

ಮುಂದೆ ಭಾರ ಕಮ್ಮಿಯಾದರೆ ಸ್ಟೇರಿಂಗ್ ಹಗುರ ಆಗುತ್ತೆ. ಡ್ರೈವರ್‌ಗೆ ಖುಷಿ, "ಪವರ್ ಸ್ಟೇರಿಂಗ್ ಭಾರಿ ಅದ" ಅನ್ನುತ್ತಾನೆ. ಖುಷಿಪಡುವ ವಿಷಯ ಅಲ್ಲ ಅದು. ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಿಸುವ ದೊಡ್ಡ ಪಾಲಿನ ಕೆಲಸ ಮುಂದಿನ ಬ್ರೇಕ್‌ಗಳದ್ದು. ಗಾಲಿ ನೆಲವನ್ನು ಗಟ್ಟಿಯಾಗಿ ಒತ್ತದಿದ್ದರೆ ಬ್ರೇಕ್ ಹಿಡಿದರೂ ಟಯರ್ ಜಾರುತ್ತೆ. ಮಳೆ ಬಿದ್ದ ದಿನ ಜೇವರ್ಗಿ ಕಡೆಯ ರಸ್ತೆಯ ಮೇಲೆ ಹೊಲದಿಂದ ಟ್ರ್ಯಾಕ್ಟರ್ ತಂದ ಎರೆ ಮಣ್ಣು ಬಿದ್ದಿರುತ್ತದಲ್ವಾ, ಅಲ್ಲಿ ನೋಡಿ ಇದರ ಫಲ.

ಕಾನ್ಸೆಪ್ಟ್ ಪಿಕಪ್‌ಗಳಲ್ಲಿ ಹೆಚ್ಚಿನವು ಡಬಲ್ ಕ್ಯಾಬಿನ್. ಹಿಂದೆ ಮೂವರಿಗೆ ಸೀಟು ಹಾಕಿದಷ್ಟು ಬಾಡಿ ಗಿಡ್ಡ ಆಗುತ್ತೆ, ಅಲ್ಲದೆ ಹಿಂದಕ್ಕೂ ಸರಿಯುತ್ತೆ. ಕೆಲವದರಲ್ಲಿ ಅರ್ಧ ಬಾಡಿ ಆಕ್ಸಲ್‌ನ ಹಿಂದೆಯೇ ಇರುತ್ತೆ. ಕಂಪನಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೇ ಅದಕ್ಕೆ ತಕ್ಕಂತೆ ಹೇರಿನ ಮಿತಿ ಬರೆದಿರುತ್ತಾರೆ. ಓದಬೇಕಾದವರು ಓದುವುದಿಲ್ಲ, ಅದೇ ತೊಂದರೆ.

ಚಿತ್ತಾಪುರ ಕಡೆಯ ಅಣ್ಣತಮ್ಮಂದಿರಿಬ್ಬರು ಶಹಾಬಾದ್ ಕಲ್ಲಿನ ವ್ಯಾಪಾರ ಮಾಡುತ್ತಾರೆ. ಪಿಕಪ್ ತಂದು, "ಬಾಡಿ ಹಿಂದಕ್ಕೆ ಒಂದೂವರೆ ಅಡಿ ಉದ್ದ ಮಾಡ್ರಿ, ಬಾಡಿ ಡೋರ್ ಆ ಕಾನ್ಸೆಪ್ಟ್ ಗಾಡಿ ಹಂಗ ಸ್ಟೈಲ್ ಆಗಿ ಇರ್ಲಿ" ಅಂದರು. ಕಲ್ಲು ಹತ್ತಿಯ ಥರ ಅಲ್ಲ. ಸ್ವಲ್ಪ ಜಾಗದಲ್ಲಿ ಬಹಳ ತೂಕ. ಇಳಿಸುವಾಗ ಸಲೀಸಾಗಲಿ ಅಂತ ಫರಸಿಗಳನ್ನು, ಅಂದರೆ ಹಾಸುಗಲ್ಲುಗಳನ್ನು, ಹಿಂದಿನ ಡೋರ್ ಹತ್ತಿರವೇ ನಿಲ್ಲಿಸುತ್ತಾರೆ. ಬಾಡಿ ಹಿಂದಕ್ಕೆ ಬೆಳೆದರೆ ಕಲ್ಲೂ ಹಿಂದಕ್ಕೆ ಹೋಗುತ್ತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ತಮ್ಮ ಸುಮ್ಮನಾದ. ಅಣ್ಣ ಜಾಣ. "ಹಂಗಾದ್ರ ಮುಂದ ಒಂದು ಭಾರಿ ಬಂಪರ್ ಕೂಡಿಸಿದ್ರ ಸರಿ ಹೋಗ್ತದಲ್ರಿ?" ಅಂದ. ಲೆಕ್ಕ ಅವನಿಗೆ ಅರ್ಥ ಆಗಿತ್ತು, ಅದಕ್ಕೆ ಮೆಚ್ಚಿದೆ. ಆದರೆ ಆ ಬಂಪರ್‌ನ ಕಬ್ಬಿಣವೂ ಗಾಡಿಯ ಒಟ್ಟು ತೂಕದ ಲೆಕ್ಕಕ್ಕೇ ಸೇರುತ್ತೆ, ಅಷ್ಟು ಕಲ್ಲು ಕಮ್ಮಿ ಹೇರಬೇಕಾಗುತ್ತೆ. ಅದಲ್ಲದೆ ಮುಂದೆ ಕೂಡಿಸುವ ಇಂಥ ಬಂಪರ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಬಾಡಿ ಉದ್ದ ಮಾಡಲಿಲ್ಲ. ಕ್ಯಾಬಿನ್ ಹಿಂದೆ, ಕಲ್ಲು ನಿಲ್ಲಿಸಲು ಓರೆ ಮಾಡಿದ ಕಬ್ಬಿಣದ ಸ್ಟ್ಯಾಂಡ್ ಕಟ್ಟಿಕೊಟ್ಟೆ. ಈಗ ಇಳಿಸಲು ಎರಡು ಹೆಜ್ಜೆ ಜಾಸ್ತಿ ಅಂತ ಹಮಾಲರು ನನ್ನನ್ನು ಬೈಯುತ್ತಾರಂತೆ. ಬೈಯಲಿ.

ತೂಕದ ಬಗ್ಗೆ ಇನ್ನೊಂದು ಮಾತು. ಗಾಡಿಯ ನೋಂದಣಿ ಪತ್ರ ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ಹೇರು ಸೇರಿ ಇರಬಹುದಾದ ಒಟ್ಟು ತೂಕ ಎರಡೂ ಇರುತ್ತೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ಪಾಲು. ಆ ಪಾಲಿನಲ್ಲೇ ಜೊತೆಗೆ ಕೂತ ಇಬ್ಬರು, ದೊಡ್ಡ ಅಲಾಯ್ ಗಾಲಿ, ಮೇಲಿನ ಕ್ಯಾರಿಯರ್, ಲೈಟಿನ ಪಟ್ಟಿ, ಎಲ್ಲ ಬರುತ್ತವೆ. "ನಮ್ಮದು ಎರಡು ಟನ್ ಗಾಡಿ" ಅಂತ ಹೇಳಿಕೊಳ್ಳುವವರು ಸಿಂಗಾರದ ತೂಕವನ್ನು ಯಾವತ್ತೂ ಕಳೆದಿರುವುದಿಲ್ಲ.

ಕಾನೂನಿನ ಮಾತು ವಕೀಲರು ಹೇಳಬೇಕು, ನಾನಲ್ಲ. ನನ್ನ ಕೆಲಸಕ್ಕೆ ತಗಲುವಷ್ಟು ಮಾತ್ರ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಪಘಾತ ಆದಮೇಲೆ ವಿಮೆಯವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆಗ ನಿಮ್ಮ ಫೈಬರ್ ಮುಖ, ಉದ್ದ ಮಾಡಿದ ಬಾಡಿ ಎಲ್ಲ ಪ್ರಶ್ನೆಯಾಗಬಹುದು. ಯಾವ ಗಾಡಿಗೆ ಏನು ನಡೆಯುತ್ತೆ ಅಂತ ಆರ್‌ಸಿ ನೋಡದೆ ನಾನು ಫೋನಿನಲ್ಲಿ ಹೇಳುವುದಿಲ್ಲ. ದಯವಿಟ್ಟು ಕೇಳಬೇಡಿ.

ಕಾನ್ಸೆಪ್ಟ್‌ನಲ್ಲಿ ಟಯರ್ ಮತ್ತು ಮಡ್‌ಗಾರ್ಡ್ ನಡುವೆ ಬೆರಳು ತೂರಿಸಲೂ ಜಾಗ ಇರುವುದಿಲ್ಲ. ಅದಕ್ಕೇ ಗಾಡಿ ಹುರಿಗಟ್ಟಿದ ಹಾಗೆ ಕಾಣುವುದು. ಹೇರು ಬಿದ್ದು ಕಮಾನ್ ಪಟ್ಟಿ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ಕೆಳಗಿಳಿದರೆ ಗಾಲಿ ಎಲ್ಲಿಗೆ ಹೋಗಬೇಕು? ಎರೆ ಮಣ್ಣು ಅಲ್ಲಿ ತುಂಬಿ ಗಟ್ಟಿಯಾದರೆ ಕಿತ್ತು ತೆಗೆಯುವವರು ಯಾರು? ಮಾರಾಟಕ್ಕೆ ಬರುವ ಹೊತ್ತಿಗೆ ಆ ಜಾಗ ದೊಡ್ಡದಾಗುತ್ತೆ, ಗಾಲಿ ಸಣ್ಣದಾಗುತ್ತೆ, ಕನ್ನಡಿ ಬರುತ್ತೆ, ನಂಬರ್ ಪ್ಲೇಟಿಗೆ ಜಾಗ ಬರುತ್ತೆ. ಆಗ ಇದೇ ಅಭಿಮಾನಿಗಳು "ಮೋಸ ಮಾಡಿದ್ರು" ಅಂತ ಕೂಗುತ್ತಾರೆ.

ಬೆಲೆಯೂ ಹಾಗೆಯೇ. ಅಮೆರಿಕದ ಟೆಸ್ಲಾ ಕಂಪನಿ ತನ್ನ ಸೈಬರ್‌ಟ್ರಕ್ ಪಿಕಪ್ ತೋರಿಸಿದ್ದು 2019ರ ನವೆಂಬರ್‌ನಲ್ಲಿ, 39,900 ಡಾಲರ್‌ನಿಂದ ಶುರು ಅಂತ. ಕೈಗೆ ಬರತೊಡಗಿದ್ದು 2023ರ ನವೆಂಬರ್ ಕೊನೆಗೆ, ಆಗ ಹೇಳಿದ ಶುರುವಿನ ಬೆಲೆ 60,990 ಡಾಲರ್. ಒಡೆಯದ ಗಾಜು ಅಂತ ವೇದಿಕೆಯ ಮೇಲೇ ಲೋಹದ ಗುಂಡು ಎಸೆದು ಬಿರುಕು ಬಿಡಿಸಿಕೊಂಡದ್ದನ್ನು ಎಲ್ಲರೂ ನೋಡಿ ನಕ್ಕರು. ನಾನು ನೋಡಿದ್ದು ಅದರ ಬಾಡಿಯ ಪಕ್ಕ. ಕ್ಯಾಬಿನ್‌ನಿಂದ ಇಳಿಜಾರಾಗಿ ಬರುವ ಆ ಗೋಡೆ ಮುಂದಿನ ಕಡೆ ಎತ್ತರ ಇದೆ. ಪಕ್ಕದಲ್ಲಿ ನಿಂತು ಚೀಲ ಒಳಗೆ ಇಡಲು ಆಗುವುದಿಲ್ಲ. ನಮ್ಮ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ಬಾಡಿಯ ಮೂರೂ ಕಡೆ ಡೋರ್ ಬಿಚ್ಚಿ, ಮೂರೂ ಕಡೆಯಿಂದ ಹೇರುತ್ತಾರೆ. ಡೋರ್ ಬಿಚ್ಚದ ಗಾಡಿ ತಂದರೆ ಹಮಾಲರು ಮುಖ ತಿರುಗಿಸುತ್ತಾರೆ.

ನನಗೆ ನಿಜವಾಗಿ ಹಿಡಿಸಿದ ಕಾನ್ಸೆಪ್ಟ್ ಒಂದೇ. ಅದಕ್ಕೆ ನಮ್ಮಲ್ಲಿ ಯಾರೂ ಲೈಕ್ ಕೊಡಲಿಲ್ಲ. 2022ರ ಡಿಸೆಂಬರ್‌ನಲ್ಲಿ ಟೊಯೋಟಾ ಥಾಯ್ಲೆಂಡ್‌ನಲ್ಲಿ ತೋರಿಸಿದ ಐಎಂವಿ ಝೀರೋ. ಡಬ್ಬಿಯಂಥ ಮುಖ, ಹಿಂದೆ ಸಪಾಟು ಹಲಗೆ. ಅದರಲ್ಲಿ ಮೊದಲೇ ಬೋಲ್ಟ್ ಹಾಕುವ ತೂತುಗಳು. ಯಾರಿಗೆ ಬೇಕಾದ ಬಾಡಿ ಅವರು ಕೂರಿಸಿಕೊಳ್ಳಲಿ ಅಂತ. ಮುಂದಿನ ನವೆಂಬರ್‌ನಲ್ಲೇ ಅದು ಹೈಲಕ್ಸ್ ಚಾಂಪ್ ಅಂತ ಅಲ್ಲಿ ಮಾರಾಟಕ್ಕೆ ಬಂತು, ರೂಪ ಹೆಚ್ಚೇನೂ ಬದಲಾಗದೆ. ಬಾಡಿ ಕಟ್ಟುವವನನ್ನು ನೆನೆಸಿಕೊಂಡು ಯಾರೋ ಗಾಡಿ ಮಾಡಿದ್ದಾರಲ್ಲ ಅಂತ ನಾನು ಆ ತೂತುಗಳನ್ನು ಹುಡುಗರಿಗೆ ದೊಡ್ಡದು ಮಾಡಿ ತೋರಿಸಿದೆ. "ಇದರಾಗ ಏನದ ಕಾಕಾ ನೋಡ್ಲಿಕ್ಕ?" ಅಂದರು.

ಕಾಯುವವರಿಗೆ ಏನು ಹೇಳಲಿ? ದುಡ್ಡಿದ್ದು, ಮನೆಯಲ್ಲಿ ಬೇರೆ ಗಾಡಿ ಇದ್ದು, ಆಸೆಗೆ ಅಂತ ಕಾಯುವುದಾದರೆ ಕಾಯಿರಿ. ದುಡಿಮೆಗೆ ಬೇಕಾದವರು ಕಾಯುವ ಲೆಕ್ಕ ನನಗೆ ತಿಳಿಯುವುದಿಲ್ಲ. ತೊಗರಿ ಡಿಸೆಂಬರ್, ಜನವರಿಗೆ ಬರುತ್ತೆ. ಅದು ಯಾವ ಕಂಪನಿಯ ಬಿಡುಗಡೆಯ ದಿನ ನೋಡಿಕೊಂಡೂ ಬರುವುದಿಲ್ಲ. ಸೇಡಂ ರಸ್ತೆಯ ದಾಲ್ ಮಿಲ್ ಸಾಹುಕಾರರ ಮಗ ಒಬ್ಬ ಒಂದಿಡೀ ಸುಗ್ಗಿ ಕಾದ. ಆ ಸುಗ್ಗಿಯೆಲ್ಲ ಬಾಡಿಗೆ ಗಾಡಿಗೆ ದುಡ್ಡು ಕೊಟ್ಟ ಅವರಪ್ಪ ನನಗೆ ಫೋನ್ ಮಾಡಿ, "ನೀವಾರ ಸ್ವಲ್ಪ ಬುದ್ಧಿ ಹೇಳ್ರಿ" ಅಂದರು. ಬುದ್ಧಿ ಹೇಳಲಿಲ್ಲ. ಟೇಪ್ ಕೊಟ್ಟು ಶೋರೂಮಿಗೆ ಕಳಿಸಿದೆ. ಕ್ಯಾಬಿನ್ ಗೋಡೆಯಿಂದ ಆಕ್ಸಲ್‌ವರೆಗೆ ಎಷ್ಟು, ಆಕ್ಸಲ್‌ನಿಂದ ಡೋರ್‌ವರೆಗೆ ಎಷ್ಟು, ಬರೆದುಕೊಂಡು ಬಾ ಅಂದೆ. ನಾಲ್ಕು ಗಾಡಿ ಅಳೆದು ಬಂದ. ಅಲ್ಲಿನ ಸೇಲ್ಸ್ ಹುಡುಗ, ಇದುವರೆಗೆ ಯಾರೂ ಹಿಂದೆ ಹೋಗಿ ಅಳೆದಿಲ್ಲ ಅಂದನಂತೆ.

ಕೊನೆಗೆ ಒಂಬತ್ತಡಿ ಬಾಡಿಯ ಸಾದಾ ಸಿಂಗಲ್ ಕ್ಯಾಬಿನ್ ತಗೊಂಡ. ಕಾನ್ಸೆಪ್ಟ್‌ನ ಮುಖ ಬೇಡ, ಅದರ ಬಣ್ಣವಾದರೂ ಇರಲಿ ಅಂತ ಹಟ ಹಿಡಿದ. ಬಣ್ಣ ಹೊಡೆದುಕೊಡಲು ನನ್ನದೇನೂ ಅಭ್ಯಂತರ ಇಲ್ಲ, ಆದರೆ ಬಣ್ಣ ಬದಲಾದರೆ ಅದೂ ಆರ್‌ಸಿಯಲ್ಲಿ ಬರಬೇಕು. ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟಿದ್ದಾನೆ. ಅಲ್ಲಿಯವರೆಗೆ ಬಿಳಿ ಗಾಡಿಯಲ್ಲೇ ತೊಗರಿ ಹೊಡೆಯುತ್ತಿದ್ದಾನೆ.