ಹಳದಿ ಸ್ಟಿಕ್ಕರ್ ಹೇಳದ ಲೆಕ್ಕ: ಸ್ಪೋರ್ಟ್ಸ್ ಕಾರಿಗೆ ಹೈಬ್ರಿಡ್ ಹೊಕ್ಕ ಕಥೆ

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನ ಬೇಲಿಯ ಪಕ್ಕ ಕ್ಯಾಮೆರಾ ಹಿಡಿದು ಕಾಯುವ ಒಂದು ವರ್ಗವೇ ಇದೆ. ಮಾರುಕಟ್ಟೆಗೆ ಇನ್ನೂ ಬಾರದ ಕಾರುಗಳು ಮೈತುಂಬ ಕಪ್ಪು-ಬಿಳುಪು ಚಿತ್ತಾರ ಅಂಟಿಸಿಕೊಂಡು ಅಲ್ಲಿ ಪರೀಕ್ಷೆಗೆ ಓಡುತ್ತವೆ; ಇವರು ಅವುಗಳ ಫೋಟೊ ತೆಗೆದು ಪತ್ರಿಕೆಗಳಿಗೆ ಮಾರುತ್ತಾರೆ. ಆ ಫೋಟೊಗಳಲ್ಲಿ ಎಲ್ಲರೂ ಹುಡುಕುವುದು ಒಂದು ಹಳದಿ ದುಂಡು ಸ್ಟಿಕ್ಕರನ್ನು. ಒಳಗೆ ಹೈ ವೋಲ್ಟೇಜ್ ಬ್ಯಾಟರಿ ಇದೆ, ಅಪಘಾತವಾದರೆ ಜೋಪಾನ ಎಂದು ರಕ್ಷಣಾ ಸಿಬ್ಬಂದಿಗೆ ಕೊಡುವ ಎಚ್ಚರಿಕೆ ಅದು. ಜರ್ಮನಿಯ ಹೆಸರಾಂತ ಸ್ಪೋರ್ಟ್ಸ್ ಕಾರು ಪೋರ್ಶೆ 911ರ ಹೊಸ ಮಾದರಿಯ ಗಾಜಿನ ಮೇಲೆ ಅದು ಕಂಡರೆ ಸಾಕು, ಊಹೆಗಳು ಶುರುವಾಗುತ್ತವೆ: ಎಷ್ಟು ಅಶ್ವಶಕ್ತಿ? ತೂಕ ಎಷ್ಟು ಏರಿತು? ಮ್ಯಾನುವಲ್ ಗೇರ್ ಹೋಯಿತೇ?

ಸ್ಟಿಕ್ಕರ್ ಹೇಳುವುದು ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್ ಇರುವ ಕಾರು) ಎಂದಷ್ಟೆ. ಎಂಥ ಹೈಬ್ರಿಡ್ ಎಂದು ಹೇಳುವುದಿಲ್ಲ. ಕಳೆದ 15 ವರ್ಷಗಳ ಜಗಳವೆಲ್ಲ ಇರುವುದು ಅಲ್ಲೇ. ಮುಂದೆ ಬರುವ ಕಾರನ್ನು ಊಹಿಸುವವರು ಅಶ್ವಶಕ್ತಿಯ ಚಿಂತೆ ಬಿಟ್ಟು ಬ್ಯಾಟರಿಯ ಗಾತ್ರ ಕೇಳಬೇಕು ಎಂಬುದು ನನ್ನ ವಾದ. ಅದನ್ನು ಅಳೆಯುವ ಕಿಲೋವ್ಯಾಟ್-ಅವರ್ ಎಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಇಲ್ಲಿ ಯೂನಿಟ್ ಎಂದೇ ಬರೆಯುತ್ತೇನೆ.

ನಮ್ಮಲ್ಲಿ ಹೈಬ್ರಿಡ್ ಎಂದರೆ ಮೈಲೇಜ್. 2013ರಲ್ಲಿ ಬಿಡದಿಯಲ್ಲಿ ತಯಾರಾಗತೊಡಗಿದ ಕ್ಯಾಮ್ರಿ ಹೈಬ್ರಿಡ್ ಇರಲಿ, ಈಗ ಅಲ್ಲಿಂದಲೇ ಬರುವ ಇನ್ನೋವಾ ಹೈಕ್ರಾಸ್ ಇರಲಿ, ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ 1997ರ ಟೊಯೋಟಾ ಪ್ರಿಯಸ್ ಜಗತ್ತಿಗೆಲ್ಲ ಹಚ್ಚಿದ ಅಭ್ಯಾಸವೂ ಇದೇ. ಸ್ಪೋರ್ಟ್ಸ್ ಕಾರಿಗೆ ಹೈಬ್ರಿಡ್ ಬಂದದ್ದು ಈ ದಾರಿಯಲ್ಲಿ ಅಲ್ಲ, ರೇಸಿನ ಬಾಗಿಲಿನಿಂದ.

2009ರಲ್ಲಿ ಫಾರ್ಮುಲಾ ಒನ್ ‘ಕರ್ಸ್’ ಎಂಬ ವ್ಯವಸ್ಥೆಗೆ ಅನುಮತಿ ಕೊಟ್ಟಿತು. ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಚಕ್ರಕ್ಕೆ ಕೊಡುವುದು ಅದರ ಕೆಲಸ. ನಿಯಮ ಬಿಟ್ಟುಕೊಟ್ಟದ್ದು ಒಂದು ಸುತ್ತಿಗೆ 400 ಕಿಲೋಜೂಲ್ ಮಾತ್ರ. ಅಂದರೆ ಒಂದು ಯೂನಿಟ್ಟಿನ ಒಂಬತ್ತನೇ ಒಂದು ಭಾಗ; ಸುಮಾರು 80 ಅಶ್ವಶಕ್ತಿ, ಏಳು ಸೆಕೆಂಡಿಗೂ ಕಡಿಮೆ ಹೊತ್ತು. ಆ ವರ್ಷ ಹಂಗೆರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕರ್ಸ್ ಇದ್ದ ಮೆಕ್ಲಾರೆನ್‌ನಲ್ಲಿ ಗೆದ್ದರು. ಆದರೆ ಚಾಂಪಿಯನ್ ಪಟ್ಟ ಹೋದದ್ದು ಅದನ್ನು ಮುಟ್ಟಿಯೂ ನೋಡದ ಬ್ರಾನ್ ತಂಡಕ್ಕೆ. ತೂಕದ ಹೊರೆ, ತೀರದ ತಾಪತ್ರಯ. 2010ರಲ್ಲಿ ತಂಡಗಳೆಲ್ಲ ಒಪ್ಪಂದ ಮಾಡಿಕೊಂಡು ಕರ್ಸನ್ನು ಮೂಲೆಗಿಟ್ಟು, 2011ರಲ್ಲಿ ಮತ್ತೆ ತಂದವು.

ಆ 2010ರಲ್ಲೇ ಪೋರ್ಶೆ ಒಂದು ವಿಚಿತ್ರ 911 ತಂದಿತು. ಜಿಟಿ3 ಆರ್ ಹೈಬ್ರಿಡ್ ಎಂದು ಹೆಸರು. ಬ್ಯಾಟರಿಯೇ ಇಲ್ಲ! ಚಾಲಕನ ಪಕ್ಕದ ಸೀಟಿರಬೇಕಾದ ಜಾಗದಲ್ಲಿ ನಿಮಿಷಕ್ಕೆ 40,000 ಸುತ್ತು ತಿರುಗಬಲ್ಲ ಒಂದು ಫ್ಲೈವೀಲ್, ಅಂದರೆ ತಿರುಗುತ್ತ ಶಕ್ತಿ ಹಿಡಿದಿಡುವ ಚಕ್ರ. ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳ ಮೋಟರ್‌ಗಳು ಅದನ್ನು ತಿರುಗಿಸುತ್ತವೆ, ತಿರುವು ದಾಟಿದ ಮೇಲೆ ಅದು ಆ ಶಕ್ತಿಯನ್ನು ಹಿಂದಿರುಗಿಸುತ್ತದೆ. ನ್ಯೂರ್‌ಬರ್ಗ್‌ರಿಂಗ್‌ನ 24 ಗಂಟೆಗಳ ರೇಸಿನಲ್ಲಿ ಆ ಕಾರು ಮುಂದಿತ್ತು. ಮುಗಿಯಲು ಎರಡು ಗಂಟೆಯೂ ಉಳಿದಿಲ್ಲ ಎನ್ನುವಾಗ ನಿಂತುಹೋಯಿತು. ಕೈಕೊಟ್ಟದ್ದು ಹೊಸ ಹೈಬ್ರಿಡ್ ಭಾಗವಲ್ಲ, ಹಳೆಯ ಪೆಟ್ರೋಲ್ ಎಂಜಿನ್. ಎರಡು ವರ್ಷದ ನಂತರ ಆಡಿ ಇಂಥದೇ ಫ್ಲೈವೀಲ್ ಹೊತ್ತು ಫ್ರಾನ್ಸಿನ 24 ಗಂಟೆಗಳ ರೇಸ್ ಲೆ ಮಾನ್ಸ್ ಗೆದ್ದಿತು. 2012ರಿಂದ 2025ರವರೆಗೆ ಲೆ ಮಾನ್ಸ್‌ನಲ್ಲಿ ಮೊದಲು ಬಂದ ಕಾರುಗಳೆಲ್ಲ ಹೈಬ್ರಿಡ್‌ಗಳೇ: ಆಡಿ, ಪೋರ್ಶೆ, ಟೊಯೋಟಾ, ಕಡೆಗೆ ಫೆರಾರಿ.

ರಸ್ತೆಗೆ ಇಳಿದದ್ದು 2013ರಲ್ಲಿ, ಮೂರು ಕಾರುಗಳ ರೂಪದಲ್ಲಿ. ಪೋರ್ಶೆ 918 ಸ್ಪೈಡರ್, ಮೆಕ್ಲಾರೆನ್ ಪಿ1, ಫೆರಾರಿಯ ಲಾಫೆರಾರಿ. ಮೂರನ್ನೂ ಒಂದೇ ಉಸಿರಿನಲ್ಲಿ ಹೊಗಳುವ ಅಭಿಮಾನಿಗಳು ಮರೆಯುವುದೇನೆಂದರೆ, ಇವು ಮೂರು ಬೇರೆ ಬೇರೆ ಉತ್ತರಗಳು. ಲಾಫೆರಾರಿಯ ಬ್ಯಾಟರಿ ಸುಮಾರು 2.3 ಯೂನಿಟ್, ಹೊರಗಿನಿಂದ ಚಾರ್ಜ್ ಮಾಡಲು ಪ್ಲಗ್ ಇಲ್ಲ, ವಿದ್ಯುತ್ತಿನಲ್ಲಷ್ಟೇ ಓಡಿಸುವ ಮಾತೂ ಇಲ್ಲ. ಪಿ1ಗೆ 4.7. ಪೋರ್ಶೆಗೆ 6.8 ಯೂನಿಟ್, ಪ್ಲಗ್ ಹಾಕಿ ಚಾರ್ಜ್ ಮಾಡಿ, ಸದ್ದಿಲ್ಲದೆ ಊರೊಳಗೆ ಓಡಾಡಬಹುದು. ಆ ಸೆಪ್ಟೆಂಬರಿನಲ್ಲಿ 918 ನ್ಯೂರ್‌ಬರ್ಗ್‌ರಿಂಗನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿ ಬಂದಾಗ ಹೈಬ್ರಿಡ್ ಎಂದರೆ ಮೂಗು ಮುರಿಯುತ್ತಿದ್ದವರ ಬಾಯಿ ಕಟ್ಟಿತು.

ಆ ಗೆಲುವಿನಿಂದ ಉದ್ಯಮ ಕಲಿತದ್ದು ತಪ್ಪು ಪಾಠ ಎಂದು ನನಗನ್ನಿಸುತ್ತದೆ. ದೊಡ್ಡ ಬ್ಯಾಟರಿ, ಪ್ಲಗ್, ಜೊತೆಗೆ ಚಿಕ್ಕ ಎಂಜಿನ್. ಇದರ ಹಿಂದೆ ಯೂರೋಪಿನ ಹೊಗೆ ನಿಯಮವೂ ಇತ್ತು. ಪ್ಲಗ್-ಇನ್ ಕಾರು ಒಂದಷ್ಟು ದೂರ ವಿದ್ಯುತ್ತಿನಲ್ಲೇ ಓಡುತ್ತದೆ ಎಂದು ಅಧಿಕೃತ ಪರೀಕ್ಷೆ ಮೊದಲೇ ಎಣಿಸಿಕೊಳ್ಳುತ್ತದೆ, ಹಾಗಾಗಿ ಕಾಗದದ ಮೇಲಿನ ಅಂಕಿ ಪಾತಾಳಕ್ಕೆ ಇಳಿಯುತ್ತದೆ. 2024ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಅನ್ನೇ ನೋಡಿ. ಎಂಟು ಸಿಲಿಂಡರಿನ ವಿ8 ಎಂಜಿನ್, 727 ಅಶ್ವಶಕ್ತಿ, 2,400 ಕಿಲೋ ಮೀರಿದ ತೂಕ. ಬಿಡುಗಡೆಯ ದಿನ ಕಂಪನಿ ಕೊಟ್ಟ ಅಧಿಕೃತ ಲೆಕ್ಕ: ನೂರು ಕಿಲೋಮೀಟರಿಗೆ 1.6ರಿಂದ 1.7 ಲೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೀಟರಿಗೆ 60 ಕಿಲೋಮೀಟರ್ ಆಸುಪಾಸು. ಸಣ್ಣ ಬೈಕುಗಳೇ ನಾಚಬೇಕು!

ಮರ್ಸಿಡಿಸ್-ಎಎಂಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿ63 ಎಂಬ ಕಾರಿನ ಗುರುತೇ ಅದರ ವಿ8 ಗುಡುಗು. ಅದನ್ನು ತೆಗೆದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮತ್ತು 6.1 ಯೂನಿಟ್ಟಿನ ಬ್ಯಾಟರಿ ಇಟ್ಟರು. ಶಕ್ತಿ 680ಕ್ಕೆ ಏರಿತು, ತೂಕ 2,100 ಕಿಲೋ ದಾಟಿತು. ಅಂಕಿಯಲ್ಲಿ ಹಳೆಯದನ್ನು ಮೀರಿಸಿದ ಈ ಕಾರನ್ನು ಅಭಿಮಾನಿಗಳು ಒಪ್ಪಿಕೊಳ್ಳಲಿಲ್ಲ. ಅವರನ್ನು ಹಳೇ ಕಾಲದವರು ಎಂದು ತಳ್ಳಿಹಾಕುವುದು ಸುಲಭ. ಆದರೆ ತಿರುವಿನಲ್ಲಿ ತೂಕ ಅಡಗಿಕೊಳ್ಳುವುದಿಲ್ಲ, ದೂರುವವರಿಗೆ ಕಾರಣವಿತ್ತು.

ಇಷ್ಟರಲ್ಲಿ ಇನ್ನೊಂದು ಕಡೆ ಬ್ಯಾಟರಿ ಬಡಕಲಾಗುತ್ತಿತ್ತು. 2023ರ ಜನವರಿ 17ರಂದು, ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ ಮೊದಲು ಕಾಣಿಸಿಕೊಂಡು ಸರಿಯಾಗಿ 70 ವರ್ಷ ತುಂಬಿದ ದಿನ, ಷೆವ್ರೊಲೆ ‘ಇ-ರೇ’ ಹೊರತಂದಿತು. ಹಿಂದೆ 6.2 ಲೀಟರಿನ ವಿ8 ಹಾಗೇ ಇದೆ, ಮುಂದಿನ ಚಕ್ರಗಳಿಗೆ 160 ಅಶ್ವಶಕ್ತಿಯ ಮೋಟರ್, ಎರಡು ಸೀಟುಗಳ ನಡುವೆ 1.9 ಯೂನಿಟ್ ಬ್ಯಾಟರಿ. ಪ್ಲಗ್ ಇಲ್ಲ. 2024ರ ಮೇ ತಿಂಗಳಲ್ಲಿ ಪೋರ್ಶೆ ಮೊದಲ ಬಾರಿಗೆ ರಸ್ತೆಯ 911ಕ್ಕೆ ಹೈಬ್ರಿಡ್ ಕೊಟ್ಟಾಗ, ಕರೇರಾ ಜಿಟಿಎಸ್‌ನ ಬ್ಯಾಟರಿ ಎಷ್ಟು ಗೊತ್ತೇ? ಅದೂ 1.9 ಯೂನಿಟ್ಟೇ. ತೂಕ 27 ಕಿಲೋ. 918ರ ದೊಡ್ಡ ಬ್ಯಾಟರಿಯ ಬಗ್ಗೆ ಕೊಚ್ಚಿಕೊಂಡ ಕಂಪನಿಯೇ ಇದು. ಮೆಕ್ಲಾರೆನ್ ಕೂಡ ಅದೇ ವರ್ಷ ಪಿ1ರ ಉತ್ತರಾಧಿಕಾರಿ ಡಬ್ಲ್ಯು1 ತೋರಿಸಿತು. ಶಕ್ತಿ 916ರಿಂದ 1,275ಕ್ಕೆ ಏರಿದೆ, ಬ್ಯಾಟರಿ 4.7ರಿಂದ 1.4 ಯೂನಿಟ್ಟಿಗೆ ಇಳಿದಿದೆ.

ಇಷ್ಟು ಚಿಕ್ಕದು ಹೇಗೆ ಸಾಕಾಗುತ್ತದೆ? ಲೆಕ್ಕ ಹಾಕಿ ನೋಡಬಹುದು. 1,700 ಕಿಲೋ ತೂಕದ ಕಾರು ಗಂಟೆಗೆ 200 ಕಿ.ಮೀ.ಯಿಂದ 80ಕ್ಕೆ ಇಳಿದರೆ ಕಳೆದುಕೊಳ್ಳುವ ಶಕ್ತಿ ಸುಮಾರು 0.6 ಯೂನಿಟ್. ಅದರಲ್ಲಿ ಮೋಟರ್ ಹಿಡಿಯುವುದು ತನ್ನ ತಾಕತ್ತಿನಷ್ಟನ್ನೇ, ಉಳಿದದ್ದೆಲ್ಲ ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹೀಗಿರುವಾಗ ದೊಡ್ಡ ಬ್ಯಾಟರಿ ಹೊತ್ತು ಟ್ರ್ಯಾಕಿಗೆ ಹೋಗುವುದು ಸೌಟಿನಲ್ಲಿ ತುಂಬಲು ಹಂಡೆ ಒಯ್ದ ಹಾಗೆ.

911ರಲ್ಲಿ ನಿಜವಾದ ಜಾಣತನ ಇರುವುದು ಟರ್ಬೊದಲ್ಲಿ. ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ತಿರುಗುವುದು ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ. ಹೊಗೆ ಸಾಲದಿದ್ದಾಗ ಟರ್ಬೊ ನಿಧಾನ, ಪಿಕಪ್ ತಡ. ಜಿಟಿಎಸ್‌ನಲ್ಲಿ ಹೊಗೆಗೆ ತಿರುಗುವ ಟರ್ಬೈನ್ ಮತ್ತು ಗಾಳಿ ತಳ್ಳುವ ಕಂಪ್ರೆಸರ್ ನಡುವಿನ ಅಚ್ಚಿನ ಮೇಲೆಯೇ ಪುಟ್ಟ ಮೋಟರ್ ಕೂತಿದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಅದು ಟರ್ಬೊವನ್ನು ತಿರುಗಿಸುತ್ತದೆ. ಹೊಗೆ ಹೆಚ್ಚಾದಾಗ ಅದೇ ಜನರೇಟರ್ ಆಗಿ 11 ಕಿಲೋವ್ಯಾಟ್‌ವರೆಗೆ ವಿದ್ಯುತ್ ಕೊಡುತ್ತದೆ. ಹೀಗಾಗಿ ಹಿಂದಿನ ಜಿಟಿಎಸ್‌ನ ಎರಡು ಟರ್ಬೊ ಜಾಗದಲ್ಲಿ ಈಗ ಒಂದೇ ಸಾಕು. ಗೇರ್‌ಬಾಕ್ಸಿನೊಳಗೆ 40 ಕಿಲೋವ್ಯಾಟಿನ ಇನ್ನೊಂದು ಮೋಟರ್ ಇದೆ. ಒಟ್ಟು 541 ಅಶ್ವಶಕ್ತಿ. ತೂಕ ಏರಿದ್ದು 50 ಕಿಲೋ, ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಉಳಿದದ್ದು 8.7 ಸೆಕೆಂಡ್.

ಇದರ ಮೂಲ 2014ರ ಫಾರ್ಮುಲಾ ಒನ್ ಎಂಜಿನ್‌ಗಳಲ್ಲಿದೆ. ಅಲ್ಲಿ ಇದೇ ಭಾಗವನ್ನು ಎಂಜಿಯು-ಎಚ್ ಎನ್ನುತ್ತಿದ್ದರು. ದುಬಾರಿ, ಜಟಿಲ ಎಂದು 2026ರ ನಿಯಮಗಳಲ್ಲಿ ಅದನ್ನು ಕೈಬಿಡಲಾಗಿದೆ. ರೇಸು ಬೇಡವೆಂದದ್ದು ರಸ್ತೆಯ 911ರಲ್ಲಿ, 2024ರ ಫೆರಾರಿ ಎಫ್80ಯಲ್ಲಿ ಬದುಕಿಕೊಂಡಿದೆ. ಕಾನೂನೂ ಇದಕ್ಕೆ ಅನುಕೂಲ. ಪೂರ್ತಿ ವೇಗದಲ್ಲಿ ಎಂಜಿನ್ ತಣ್ಣಗಿರಲಿ ಎಂದು ಹೆಚ್ಚುವರಿ ಪೆಟ್ರೋಲ್ ಸುರಿಯುವ ಹಳೆಯ ಉಪಾಯಕ್ಕೆ ಯೂರೋಪಿನ ಹೊಸ ಹೊಗೆ ಮಿತಿಗಳಲ್ಲಿ ಜಾಗ ಕಿರಿದಾಗುತ್ತಿದೆ. ಗಾಳಿ-ಪೆಟ್ರೋಲ್ ಪ್ರಮಾಣ ಸದಾ ಸರಿಯಾಗಿಟ್ಟರೆ ಶಕ್ತಿ ತುಸು ಕುಗ್ಗುತ್ತದೆ. ಆ ಕೊರತೆಯನ್ನು ವಿದ್ಯುತ್ ತುಂಬುತ್ತದೆ.

ಇನ್ನು ಮುಂದಿನದು. 2025ರಲ್ಲಿ ಬಂದ 911 ಟರ್ಬೊ ಎಸ್‌ಗೆ ವಿದ್ಯುತ್ ಟರ್ಬೊ ಎರಡು, ಶಕ್ತಿ 711. 911ರದೇ ಹಳೆಯ ಮಾದರಿ ಜಿಟಿ2 ಆರ್‌ಎಸ್ 2017ರಲ್ಲಿ 700ಕ್ಕೆ ನಿಂತಿತ್ತು. ಹಾಗಾದರೆ ಈಗಿನ ಪೀಳಿಗೆಯಲ್ಲಿ ಜಿಟಿ2 ಆರ್‌ಎಸ್ ಬಂದರೆ, ಟರ್ಬೊ ಎಸ್ ಮೀರಬೇಕಾದ ಅದು ಹೈಬ್ರಿಡ್ ಬಿಟ್ಟು ಬರುವುದು ಕಷ್ಟ. ಪ್ಲಗ್ ಮಾತ್ರ ಖಂಡಿತ ಇರದು ಎಂದು ಪಣ ಕಟ್ಟಬಲ್ಲೆ. ಟೊಯೋಟಾದ ಜಿಆರ್ ಜಿಟಿ 2027ರ ಸುಮಾರಿಗೆ ಬರಲಿದೆ: ನಾಲ್ಕು ಲೀಟರಿನ ವಿ8, ಒಂದೇ ಮೋಟರ್, 1,750 ಕಿಲೋ ಮೀರಬಾರದೆಂಬ ಗುರಿ. ಇದೂ ಸಣ್ಣ ಬ್ಯಾಟರಿಯ ಪಂಥವೇ ಅನ್ನಿಸುತ್ತದೆ. ನಿಸ್ಸಾನ್ ಆರ್35 ಜಿಟಿ-ಆರ್ ತಯಾರಿಕೆಯನ್ನು 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಮರಳಿ ಬಂದಾಗ ಅದು ಯಾವ ಪಂಥ ಸೇರೀತು ಎಂಬುದರ ಮೇಲೆ ಜಪಾನಿನ ಅಭಿಮಾನಿಗಳು ತಲೆಕೆಡಿಸಿಕೊಂಡಿದ್ದಾರೆ. ನನ್ನ ವಾದಕ್ಕೆ ಅಡ್ಡ ಬರುವವರೂ ಇದ್ದಾರೆ. ಬುಗಾಟಿ ಟೂರ್ಬಿಯೋಂಗೆ 25 ಯೂನಿಟ್ ಬ್ಯಾಟರಿ. ಆದರೆ 1,800 ಅಶ್ವಶಕ್ತಿಯ, 16 ಸಿಲಿಂಡರಿನ ಆ ಕಾರಿಗೆ ತೂಕದ ಚಿಂತೆ ಯಾವತ್ತೂ ಇರಲಿಲ್ಲ.

ಫೆರಾರಿಯ ಲೆಕ್ಕ ಇನ್ನೂ ಕುತೂಹಲದ್ದು. 2030ಕ್ಕೆ ತನ್ನ ಮಾದರಿಗಳಲ್ಲಿ ನೂರಕ್ಕೆ 40 ವಿದ್ಯುತ್, 20 ಬರೀ ಪೆಟ್ರೋಲ್ ಎಂದು 2022ರಲ್ಲಿ ಹೇಳಿದ್ದ ಕಂಪನಿ, 2025ರ ಅಕ್ಟೋಬರಿನಲ್ಲಿ ಎರಡನ್ನೂ ಅದಲುಬದಲು ಮಾಡಿತು. ಹೈಬ್ರಿಡ್ ಪಾಲು ಮಾತ್ರ ಆಗಲೂ 40, ಈಗಲೂ 40.

ಉಳಿದದ್ದು 911ರ ಜಿಟಿ3 ಮಾದರಿ. ನಾಲ್ಕು ಲೀಟರ್, ಟರ್ಬೊ ಇಲ್ಲ, 9,000 ಸುತ್ತಿನವರೆಗೆ ಕೂಗುವ ಎಂಜಿನ್, ಬೇಕೆಂದವರಿಗೆ ಮ್ಯಾನುವಲ್ ಗೇರ್. ಇದಕ್ಕೆ ಹಳದಿ ಸ್ಟಿಕ್ಕರ್ ಬೀಳುವ ದಿನದ ಭಯವೇ ಅಭಿಮಾನಿಗಳಿಗೆ ಹೆಚ್ಚು. ಜಿಟಿಎಸ್‌ನ ಮೋಟರ್ ಇರುವುದು ಪಿಡಿಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗಾದ್ದರಿಂದ ಆ ಕಾರಿಗೆ ಮ್ಯಾನುವಲ್ ಸಿಗುವುದಿಲ್ಲ, ಭಯ ಹುಟ್ಟಿದ್ದು ಅಲ್ಲಿಂದ. ಆದರೆ ಹೊಂಡಾ 2010ರಲ್ಲೇ ಸಿಆರ್-ಜೆಡ್ ಎಂಬ ಪುಟ್ಟ ಹೈಬ್ರಿಡ್‌ಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ತೆಳ್ಳನೆಯ ಮೋಟರ್ ಕೂರಿಸಿ, ಆರು ಗೇರಿನ ಮ್ಯಾನುವಲ್ ಕೊಟ್ಟಿತ್ತು. ಪೋರ್ಶೆಗೆ ಇದು ಮಾಡಲಾಗದ ಕೆಲಸವೇನಲ್ಲ. ಮಾಡುವ ಮನಸ್ಸಿದೆಯೇ ಎಂಬುದಷ್ಟೇ ತಿಳಿಯಬೇಕು.