ಮಲೇರಿಯಾ ಟಿಪ್ಪಣಿ: ಪರಾವಲಂಬಿ ಈಗ ಎಲ್ಲಿದೆ?

ಕಾರಣ, ಲಕ್ಷಣ, ಚಿಕಿತ್ಸೆ ಎಂದು ಬೇರೆ ಬೇರೆ ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಮಲೇರಿಯಾ ಅಧ್ಯಾಯ ತಲೆಯಲ್ಲಿ ನಿಲ್ಲುವುದಿಲ್ಲ. ಯಾವ ಪ್ರಶ್ನೆ ಎದುರಾದರೂ ಮೊದಲು ಒಂದು ಮರುಪ್ರಶ್ನೆ ಹಾಕಿಕೊಳ್ಳಿ: ಪರಾವಲಂಬಿ ಈ ಹೊತ್ತಿನಲ್ಲಿ ಸೊಳ್ಳೆಯಲ್ಲಿದೆಯೋ, ಯಕೃತ್ತಿನಲ್ಲಿದೆಯೋ, ರಕ್ತದಲ್ಲಿದೆಯೋ? ಜ್ವರದ ವೇಳೆ, ಪರೀಕ್ಷೆಯ ಫಲಿತಾಂಶ, ಮಾತ್ರೆಯ ಆಯ್ಕೆ, ಮರುಕಳಿಕೆ ಎಲ್ಲದರ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ರೋಗಕಾರಕ ಯಾವುದು?

ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಾವಲಂಬಿ. ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. 1880ರಲ್ಲಿ ಲ್ಯಾವರಾನ್ ಇದನ್ನು ರೋಗಿಯ ರಕ್ತದಲ್ಲಿ ಕಂಡರು. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಕಂಡರು. ಮನುಷ್ಯರಿಗೆ ಮುಖ್ಯವಾದ ಪ್ರಭೇದಗಳು ಐದು: ಫಾಲ್ಸಿಪ್ಯಾರಂ, ವೈವಾಕ್ಸ್, ಓವೇಲ್, ಮಲೇರಿಯೆ, ನೋಲೆಸಿ. ಓದಿನಲ್ಲಿ ಹೆಚ್ಚು ಸಮಯ ಮೊದಲೆರಡಕ್ಕೆ ಕೊಡಿ. ಫಾಲ್ಸಿಪ್ಯಾರಂ ಕೊಲ್ಲುತ್ತದೆ, ವೈವಾಕ್ಸ್ ಮರಳಿ ಬರುತ್ತದೆ. ಹಾಗೆಂದು ವೈವಾಕ್ಸ್ ನಿರುಪದ್ರವಿ ಎಂದು ಬರೆಯಬೇಡಿ. ಅದರಿಂದಲೂ ತೀವ್ರ ರಕ್ತಹೀನತೆ ಬರಬಹುದು.

ಕಚ್ಚಿದ ಪ್ರತಿ ಅನಾಫಿಲಿಸ್ ಸೊಳ್ಳೆಯೂ ರೋಗ ಹರಡುತ್ತದೆಯೇ?

ಇಲ್ಲ. ಮಲೇರಿಯಾ ಹರಡುವ ಈ ಕುಲದಲ್ಲೂ ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಬಲಿಯಲು ರಕ್ತದ ಪ್ರೋಟೀನು ಬೇಕೆಂದು. ಸೋಂಕಿತರ ರಕ್ತದಿಂದ ಅದು ಗ್ಯಾಮಿಟೋಸೈಟ್ ಎಂಬ ಲೈಂಗಿಕ ರೂಪಗಳನ್ನು ಹೀರಬೇಕು. ಅವು ಜಠರದಲ್ಲಿ ಕೂಡಿ, ಜಠರದ ಗೋಡೆಯಲ್ಲಿ ಗಂಟು ಕಟ್ಟಿ, ಕೊನೆಗೆ ಸ್ಪೋರೋಜೊಯಿಟ್ ಎಂಬ ಸೋಂಕು ತಗುಲಿಸುವ ರೂಪಗಳಾಗಿ ಜೊಲ್ಲುಗ್ರಂಥಿ ಸೇರಬೇಕು. ಬೆಚ್ಚಗಿನ ಹವೆಯಲ್ಲಿ ಇದಕ್ಕೆ ಸುಮಾರು 10ರಿಂದ 14 ದಿನ ಹಿಡಿಯುತ್ತದೆ. ಚಳಿ ಹೆಚ್ಚಿದಂತೆ ಬೆಳವಣಿಗೆ ನಿಧಾನವಾಗಿ, ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಂತೇಹೋಗುತ್ತದೆ. ಅಷ್ಟು ದಿನ ಸೊಳ್ಳೆ ಬದುಕಿರಬೇಕು ಎಂಬುದೇ ಇಲ್ಲಿನ ತೊಡಕು.

ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ 100ರಲ್ಲಿ 90 ಸೊಳ್ಳೆ ಉಳಿಯುತ್ತವೆ ಎಂದುಕೊಂಡರೆ 10 ದಿನ ದಾಟುವವು ಸುಮಾರು 35. ದಿನದ ಉಳಿವು 80ಕ್ಕೆ ಇಳಿದರೆ 10 ದಿನ ದಾಟುವವು ಸುಮಾರು 11 ಮಾತ್ರ. ಕೀಟನಾಶಕ ಸವರಿದ ಸೊಳ್ಳೆಪರದೆಯೂ ಮನೆಯೊಳಗಿನ ಗೋಡೆಗೆ ಹೊಡೆಯುವ ಔಷಧವೂ ಇಷ್ಟು ಫಲ ಕೊಡುವುದು ಈ ಕಾರಣಕ್ಕೆ. ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಮುದಿಯಾಗುವ ಮೊದಲು ಸತ್ತರೆ ಸಾಕು. ಅನಾಫಿಲಿಸ್ ಕಚ್ಚುವುದು ಹೆಚ್ಚಾಗಿ ಮುಸ್ಸಂಜೆಯಿಂದ ನಸುಕಿನವರೆಗೆ ಆದ್ದರಿಂದ ರಾತ್ರಿಯ ಪರದೆ ಕೆಲಸಕ್ಕೆ ಬರುತ್ತದೆ. ಹಗಲು ಕಚ್ಚುವ ಡೆಂಗಿ ಸೊಳ್ಳೆಗೆ ಅದೇ ಪರದೆ ಅಷ್ಟಾಗಿ ಸಾಲದು.

ಸೋಂಕಿತರ ರಕ್ತ ಪಡೆದಾಗ, ಸೂಜಿ ಹಂಚಿಕೊಂಡಾಗ, ತಾಯಿಯಿಂದ ಮಗುವಿಗೆ ಕೂಡ ಹರಡಬಹುದು. ಮುಟ್ಟಿದರೆ, ಜೊತೆಗೆ ಉಂಡರೆ, ಕೆಮ್ಮಿದರೆ ಹರಡದು.

ಕಚ್ಚಿದ ಕೂಡಲೇ ಜ್ವರ ಏಕೆ ಬರುವುದಿಲ್ಲ?

ಸ್ಪೋರೋಜೊಯಿಟ್ ರಕ್ತಕ್ಕೆ ಇಳಿದ ಅರ್ಧ ಗಂಟೆಯ ಆಸುಪಾಸಿನಲ್ಲಿ ಯಕೃತ್ತಿನ ಕೋಶ ಸೇರಿಕೊಳ್ಳುತ್ತದೆ. ಅಲ್ಲಿ ಒಂದು ವಾರ ಅಥವಾ ಇನ್ನೂ ಹೆಚ್ಚು ಕಾಲ ಸದ್ದಿಲ್ಲದೆ ವೃದ್ಧಿಯಾಗಿ, ಒಂದೊಂದು ಕೋಶದಿಂದ ಸಾವಿರಾರು ಮೀರೋಜೊಯಿಟ್‌ಗಳು ಹೊರಬರುತ್ತವೆ. ಈ ಹಂತದಲ್ಲಿ ಜ್ವರವಿಲ್ಲ, ರಕ್ತಪರೀಕ್ಷೆಯಲ್ಲಿ ಏನೂ ಸಿಗದು. ಮೀರೋಜೊಯಿಟ್‌ಗಳು ಕೆಂಪು ರಕ್ತಕಣ ಹೊಕ್ಕು, ಬೆಳೆದು, ಕಣವನ್ನು ಒಡೆದಾಗ ಹೊರಚೆಲ್ಲುವ ತ್ಯಾಜ್ಯಕ್ಕೆ ನಮ್ಮ ರೋಗನಿರೋಧಕ ಕೋಶಗಳು ಸ್ಪಂದಿಸುತ್ತವೆ. ಆಗ ನಡುಕ, ಆಮೇಲೆ ಸುಡುವ ಜ್ವರ, ಕೊನೆಗೆ ಧಾರಾಕಾರ ಬೆವರು. ಫಾಲ್ಸಿಪ್ಯಾರಂನಲ್ಲಿ ಕಚ್ಚಿದಂದಿನಿಂದ ಜ್ವರದವರೆಗಿನ ಅವಧಿ ಸಾಮಾನ್ಯವಾಗಿ 9ರಿಂದ 14 ದಿನ. ಕಚ್ಚಿ ಎರಡನೇ ದಿನಕ್ಕೆ ಬಂದ ಜ್ವರವನ್ನು ಆ ಕಡಿತದ ತಲೆಗೆ ಕಟ್ಟಲಾಗದು.

ಒಡೆಯುವ ಚಕ್ರ ಫಾಲ್ಸಿಪ್ಯಾರಂ, ವೈವಾಕ್ಸ್, ಓವೇಲ್‌ಗಳಲ್ಲಿ 48 ಗಂಟೆ, ಮಲೇರಿಯೆಯಲ್ಲಿ 72, ನೋಲೆಸಿಯಲ್ಲಿ 24. ಓದಿನ ಪರೀಕ್ಷೆಗೆ ಈ ಅಂಕಿ ಬೇಕು, ರೋಗಿಯ ಮುಂದೆ ಇದನ್ನು ನೆಚ್ಚಬೇಡಿ. ಮೊದಲ ದಿನಗಳಲ್ಲಿ ಪರಾವಲಂಬಿಗಳ ಹಲವು ತಂಡಗಳು ಬೇರೆ ಬೇರೆ ಹೊತ್ತಿಗೆ ಕಣ ಒಡೆಯುವುದರಿಂದ ಜ್ವರ ದಿನವೂ ಇರಬಹುದು. ಫಾಲ್ಸಿಪ್ಯಾರಂನಲ್ಲಂತೂ ಲಯ ಕಾಣದೆಯೇ ರೋಗಿ ಗಂಭೀರವಾಗಬಹುದು. "ದಿನ ಬಿಟ್ಟು ದಿನ ಬರುತ್ತಿಲ್ಲ, ಆದ್ದರಿಂದ ಮಲೇರಿಯಾ ಅಲ್ಲ" ಎನ್ನುವುದು ಅಪಾಯದ ತರ್ಕ.

ಫಾಲ್ಸಿಪ್ಯಾರಂ ಮಾತ್ರ ಏಕೆ ಇಷ್ಟು ಕ್ರೂರ?

ಎರಡು ಕಾರಣ. ವೈವಾಕ್ಸ್ ಎಳೆಯ ರಕ್ತಕಣಗಳನ್ನೇ ಆರಿಸುತ್ತದೆ, ಹಾಗಾಗಿ ಅದರ ಸಂಖ್ಯೆಗೆ ಮಿತಿಯಿದೆ. ಫಾಲ್ಸಿಪ್ಯಾರಂ ಎಲ್ಲ ವಯಸ್ಸಿನ ಕಣಗಳನ್ನೂ ಹೊಕ್ಕು ಎಣಿಕೆ ಮೀರಿ ಹೆಚ್ಚುತ್ತದೆ. ಎರಡನೆಯದು ಇನ್ನೂ ಮುಖ್ಯ: ಅದು ಸೋಂಕಿತ ಕಣದ ಮೈಮೇಲೆ ಅಂಟುವ ಪ್ರೋಟೀನುಗಳನ್ನು ಹೊರಡಿಸುತ್ತದೆ. ಕಣ ಸೂಕ್ಷ್ಮ ರಕ್ತನಾಳದ ಒಳಗೋಡೆಗೆ ಕಚ್ಚಿಕೊಂಡು, ಮಿದುಳು, ಮೂತ್ರಪಿಂಡಗಳಲ್ಲಿ ಹರಿವು ತಡೆಯುತ್ತದೆ. ಹೀಗೆ ಅಡಗುವುದರಿಂದ ಗುಲ್ಮದ ಸೋಸುವಿಕೆಯಿಂದಲೂ ತಪ್ಪಿಸಿಕೊಳ್ಳುತ್ತದೆ. ಬೆರಳಿನ ರಕ್ತದಲ್ಲಿ ಎಳೆಯ ಉಂಗುರ ರೂಪಗಳೂ ಬಾಳೆಹಣ್ಣಿನಾಕಾರದ ಗ್ಯಾಮಿಟೋಸೈಟ್‌ಗಳೂ ಮಾತ್ರ ಕಂಡು, ಬಲಿತ ರೂಪಗಳು ಕಾಣದಿರುವುದಕ್ಕೆ ಕಾರಣ ಇದೇ.

ರಕ್ತಪರೀಕ್ಷೆಯಲ್ಲಿ ಎಲ್ಲಿ ಎಡವುತ್ತೇವೆ?

ಸ್ಲೈಡಿನ ದಪ್ಪ ಲೇಪ ಪರಾವಲಂಬಿ ಇದೆಯೇ ಎಂದು ಹುಡುಕಲು, ತೆಳು ಲೇಪ ಯಾವ ಪ್ರಭೇದ ಎಂದು ಗುರುತಿಸಲು. ತೆಳು ಲೇಪವನ್ನು ಮೆಥನಾಲ್‌ನಿಂದ ಸ್ಥಿರಗೊಳಿಸಬೇಕು. ದಪ್ಪ ಲೇಪಕ್ಕೆ ಮೆಥನಾಲ್ ತಾಗಲೇಬಾರದು, ತಾಗಿದರೆ ಕೆಂಪು ಕಣಗಳು ಕರಗದೆ ಉಳಿದು ಒಳಗಿನದು ಕಾಣುವುದಿಲ್ಲ. ಒಂದೇ ಸ್ಲೈಡಿನಲ್ಲಿ ಎರಡೂ ಇದ್ದಾಗ ಆವಿಯೂ ತಗುಲದಂತೆ ನೋಡಿಕೊಳ್ಳಿ. ಗೀಮ್ಸಾ ಬಣ್ಣಕ್ಕೆ ಬೆರೆಸುವ ಬಫರ್ ನೀರಿನ ಪಿಎಚ್ 7.2 ಇರಬೇಕು; ಆಮ್ಲೀಯವಾದರೆ ಎಲ್ಲವೂ ಕೆಂಪಾಗಿ, ವೈವಾಕ್ಸ್ ಗುರುತಿಸಲು ನೆರವಾಗುವ ಶಫ್ನರ್ ಚುಕ್ಕೆಗಳು ಮೂಡುವುದಿಲ್ಲ. ಎಣಿಕೆಗೆ ದಪ್ಪ ಲೇಪದಲ್ಲಿ 200 ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಕಂಡ ಪರಾವಲಂಬಿಗಳನ್ನು 8,000ದಿಂದ ಗುಣಿಸಿ 200ರಿಂದ ಭಾಗಿಸಿ. 50 ಕಂಡರೆ ಮೈಕ್ರೋಲೀಟರಿಗೆ 2,000. (8,000 ಎಂಬುದು ಊಹಿತ ಬಿಳಿ ಕಣ ಸಂಖ್ಯೆ, ರೋಗಿಯ ನಿಜವಾದ ಎಣಿಕೆ ಗೊತ್ತಿದ್ದರೆ ಅದನ್ನೇ ಬಳಸಿ.)

ಕ್ಷಿಪ್ರ ಪರೀಕ್ಷಾ ಕಿಟ್‌ಗಳಲ್ಲಿ ಎಚ್‌ಆರ್‌ಪಿ-2 ಎಂಬ ಪರಾವಲಂಬಿ ಪ್ರೋಟೀನಿನ ಗೆರೆ ಫಾಲ್ಸಿಪ್ಯಾರಂಗೆ ಮಾತ್ರ. ಈ ಪ್ರೋಟೀನು ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಚಿಕಿತ್ಸೆ ಫಲಿಸಿತೇ ಎಂದು ನೋಡಲು ಈ ಕಿಟ್ ಬೇಡ, ಸ್ಲೈಡೇ ಬೇಕು. ಕೆಲವು ತಳಿಗಳಲ್ಲಿ ಆ ಪ್ರೋಟೀನಿನ ಜೀನೇ ಅಳಿಸಿಹೋಗಿರುವುದರಿಂದ ಸುಳ್ಳು ನೆಗೆಟಿವ್ ಕೂಡ ಬರಬಹುದು. ಶಂಕೆ ಬಲವಾಗಿದ್ದು ಮೊದಲ ಸ್ಲೈಡ್ ನೆಗೆಟಿವ್ ಆದರೆ 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಸಲ ನೋಡಬೇಕು.

ಚಿಕಿತ್ಸೆ ಪ್ರಭೇದಕ್ಕೆ ತಕ್ಕಂತೆ ಏಕೆ ಬದಲಾಗುತ್ತದೆ?

ತೊಡಕಿಲ್ಲದ ಫಾಲ್ಸಿಪ್ಯಾರಂಗೆ ಆರ್ಟೆಮಿಸಿನಿನ್ ಆಧಾರಿತ ಜೋಡಿ ಔಷಧ, ಅಂದರೆ ಎಸಿಟಿ, ಮೂರು ದಿನ. ಆರ್ಟೆಮಿಸಿನಿನ್ ವರ್ಗ ವೇಗವಾಗಿ ಕೊಲ್ಲುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಬೀಳುತ್ತದೆ. ಉಳಿದವನ್ನು ನಿಧಾನವಾಗಿ ಇಳಿಯುವ ಜೊತೆಗಾರ ಔಷಧ ಮುಗಿಸುತ್ತದೆ. ಒಂಟಿಯಾಗಿ ಕೊಟ್ಟರೆ ಸೋಂಕು ಮರಳುತ್ತದೆ, ನಿರೋಧ ಬೆಳೆಯುತ್ತದೆ. ಆರ್ಟಿಮೆಥರ್-ಲ್ಯೂಮಿಫ್ಯಾಂಟ್ರಿನ್ ಉದಾಹರಣೆಗೆ ತೆಗೆದುಕೊಳ್ಳಿ: 20/120 ಮಿ.ಗ್ರಾಂ ಮಾತ್ರೆ, 35 ಕೆ.ಜಿ. ಮತ್ತು ಮೇಲ್ಪಟ್ಟವರಿಗೆ ಒಂದು ಸಲಕ್ಕೆ 4. ಮೊದಲ ಎರಡು ಡೋಸುಗಳ ನಡುವೆ 8 ಗಂಟೆ, ಆಮೇಲೆ ಎರಡು ದಿನ ಬೆಳಿಗ್ಗೆ-ಸಂಜೆ, ಒಟ್ಟು 6 ಡೋಸು, 24 ಮಾತ್ರೆ. ಲ್ಯೂಮಿಫ್ಯಾಂಟ್ರಿನ್ ಕೊಬ್ಬಿನ ಜೊತೆಯಲ್ಲೇ ಚೆನ್ನಾಗಿ ಹೀರಲ್ಪಡುವುದರಿಂದ ಖಾಲಿ ಹೊಟ್ಟೆಯಲ್ಲಿ ಕೊಡಬಾರದು. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಪೂರ್ತಿ ಡೋಸು ಮತ್ತೆ. ಎರಡನೇ ದಿನ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸುವುದು ಚಿಕಿತ್ಸೆ ಸೋಲುವುದಕ್ಕೆ ಸಾಮಾನ್ಯ ಕಾರಣ.

ಕ್ಲೋರೋಕ್ವಿನ್‌ಗೆ ಇನ್ನೂ ಬಗ್ಗುವ ವೈವಾಕ್ಸ್‌ಗೆ ಅದನ್ನೇ ಕೊಡಬಹುದು: ದೇಹತೂಕದ ಕೆ.ಜಿ.ಗೆ ಬೇಸ್ (ಲವಣದ ತೂಕ ಬಿಟ್ಟ ಮೂಲ ಔಷಧ) ಲೆಕ್ಕದಲ್ಲಿ 10, 10, 5 ಮಿ.ಗ್ರಾಂ, ಮೂರು ದಿನ. ಇದು ರಕ್ತವನ್ನಷ್ಟೇ ಶುದ್ಧ ಮಾಡುತ್ತದೆ. ಯಕೃತ್ತಿನಲ್ಲಿ ಮಲಗಿದ್ದು ಮರುಕಳಿಕೆಗೆ ಕಾರಣವಾಗುವ ಹಿಪ್ನೋಜೊಯಿಟ್ ಎಂಬ ರೂಪಗಳಿಗೆ ಪ್ರಿಮಾಕ್ವಿನ್ ಬೇಕು, ಕೆ.ಜಿ.ಗೆ 0.25 ಮಿ.ಗ್ರಾಂನಂತೆ 14 ದಿನ ಎಂಬುದು ಹಳೆಯ, ಪರಿಚಿತ ಕ್ರಮ. ಜಿ-6-ಪಿ-ಡಿ ಕಿಣ್ವದ ಕೊರತೆ ಇರುವವರಲ್ಲಿ ಇದು ರಕ್ತಕಣಗಳನ್ನು ಒಡೆಯುತ್ತದೆ, ಆದ್ದರಿಂದ ಪರೀಕ್ಷೆ ಮೊದಲು. ಮೂತ್ರ ಕಪ್ಪಗಾದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರಿಗೂ ಆರು ತಿಂಗಳೊಳಗಿನ ಶಿಶುಗಳಿಗೂ ಕೊಡುವಂತಿಲ್ಲ. ಪ್ರಿಮಾಕ್ವಿನ್‌ನ ಒಂದೇ ಡೋಸನ್ನು ಫಾಲ್ಸಿಪ್ಯಾರಂ ರೋಗಿಗೆ ಕೊಡುವ ಉದ್ದೇಶ ಬೇರೆ: ಅದು ಗ್ಯಾಮಿಟೋಸೈಟ್ ಕೊಂದು ಸೊಳ್ಳೆಗೆ ಸೋಂಕು ದಾಟದಂತೆ ತಡೆಯುತ್ತದೆ. ಈ ಎರಡನ್ನು ಕಲಸಿ ಬರೆಯುವವರೇ ಹೆಚ್ಚು.

ರಕ್ತ ಪಡೆದು ವೈವಾಕ್ಸ್ ಬಂದವರಿಗೆ ಪ್ರಿಮಾಕ್ವಿನ್ ಬೇಕೇ? ಬೇಡ. ಅವರಿಗೆ ಸಿಕ್ಕಿದ್ದು ರಕ್ತದ ಹಂತದ ರೂಪ. ಅದು ಯಕೃತ್ತಿಗೆ ಹಿಂದಿರುಗಲಾರದು.

ಯಾವಾಗ ಮಾತ್ರೆ ಬಿಟ್ಟು ಆಸ್ಪತ್ರೆ?

ಪ್ರಜ್ಞೆ ಮಸುಕಾದರೆ, ಸೆಳವು ಬಂದರೆ, ಎದ್ದು ಕೂರಲಾಗದಷ್ಟು ನಿತ್ರಾಣವಾದರೆ, ಉಸಿರಾಟ ಕಷ್ಟವಾದರೆ, ಮೂತ್ರ ತೀರಾ ಕಡಿಮೆಯಾದರೆ, ಕಾಮಾಲೆ ಅಥವಾ ರಕ್ತಸ್ರಾವ ಕಂಡರೆ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡಬಾರದು. ಅಲ್ಲಿ ರಕ್ತನಾಳಕ್ಕೆ ಆರ್ಟಿಸುನೇಟ್, ಕೆ.ಜಿ.ಗೆ 2.4 ಮಿ.ಗ್ರಾಂ (20 ಕೆ.ಜಿ.ಗಿಂತ ಹಗುರ ಮಕ್ಕಳಿಗೆ 3), 0, 12, 24ನೇ ಗಂಟೆಗೆ, ಆಮೇಲೆ ದಿನಕ್ಕೊಮ್ಮೆ. ಕನಿಷ್ಠ 24 ಗಂಟೆ ಚುಚ್ಚುಮದ್ದು ಕೊಟ್ಟು, ರೋಗಿ ನುಂಗುವಂತಾದ ಮೇಲೆ ಮೂರು ದಿನದ ಪೂರ್ತಿ ಎಸಿಟಿ. ರಕ್ತದ ಸಕ್ಕರೆ ಕುಸಿಯುತ್ತಿದೆಯೇ ಎಂದು ನೋಡುತ್ತಿರಬೇಕು, ಪ್ರಜ್ಞೆ ತಪ್ಪಲು ಅದೊಂದೇ ಸಾಕು. ಬಿಡುಗಡೆಯಾದ ಮೇಲೂ ನಾಲ್ಕು ವಾರ ಹಿಮೋಗ್ಲೋಬಿನ್ ನೋಡುತ್ತಿರಬೇಕು. ತಡವಾಗಿ ರಕ್ತಕಣ ಒಡೆಯುವುದು ಗೊತ್ತಿರುವ ಅಡ್ಡಪರಿಣಾಮ.

ಲಸಿಕೆ, ಮುಂಜಾಗ್ರತೆಯ ಮಾತ್ರೆ?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ 2023ರಲ್ಲಿ ಆರ್21 ಲಸಿಕೆಯನ್ನೂ ಮಕ್ಕಳಿಗೆ ಶಿಫಾರಸು ಮಾಡಿತು. ಎರಡರ ಗುರಿಯೂ ಫಾಲ್ಸಿಪ್ಯಾರಂನ ಸ್ಪೋರೋಜೊಯಿಟ್, ಅಂದರೆ ಯಕೃತ್ತು ಸೇರುವ ಮುನ್ನದ ರೂಪ. ಸುಮಾರು 5 ತಿಂಗಳ ವಯಸ್ಸಿನಿಂದ 4 ಡೋಸು. ರಕ್ಷಣೆ ಭಾಗಶಃ, ಪರದೆ ಬಿಡುವಂತಿಲ್ಲ.

ಪ್ರಯಾಣಿಕರ ಮಾತ್ರೆಗಳಲ್ಲಿ ಅಟೊವಕ್ವೋನ್-ಪ್ರೊಗ್ವಾನಿಲ್ ಅನ್ನು ಪ್ರದೇಶ ಬಿಟ್ಟ ಮೇಲೆ 7 ದಿನ ನುಂಗಿದರೆ ಸಾಕು, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೋಕ್ವಿನ್ ಆದರೆ 4 ವಾರ. ಮೊದಲನೆಯದು ಯಕೃತ್ತಿನಲ್ಲಿ ಬೆಳೆಯುತ್ತಿರುವ ರೂಪವನ್ನೂ ಕೊಲ್ಲುತ್ತದೆ. ಉಳಿದೆರಡು ಮುಖ್ಯವಾಗಿ ರಕ್ತದಲ್ಲಿ ಕೆಲಸ ಮಾಡುವುದರಿಂದ ಯಕೃತ್ತಿನಿಂದ ಹೊರಬರುವವರೆಗೂ ಕಾಯಬೇಕು. ಈ ಮೂರೂ ಹಿಪ್ನೋಜೊಯಿಟ್‌ಗಳನ್ನು ಮುಟ್ಟುವುದಿಲ್ಲ. ಮಾತ್ರೆ ತಪ್ಪದೆ ನುಂಗಿದವರಿಗೂ ತಿಂಗಳುಗಳ ಬಳಿಕ ವೈವಾಕ್ಸ್ ಜ್ವರ ಬರಬಹುದು, ಆದ್ದರಿಂದ ಒಂದು ವರ್ಷದ ಹಿಂದಿನ ಪ್ರಯಾಣವನ್ನೂ ವೈದ್ಯರಿಗೆ ಹೇಳಬೇಕು.